ಎಳೆಯಲು ಹಿಡಿಯಿಲ್ಲದ ಬಾಗಿಲು

ನನಗೊಂದು ಹುಚ್ಚಿದೆ. ಹಳೆಯ ಮಂಗಳೂರು ಹಂಚು ಕಂಡರೆ ಮಗುಚಿ ನೋಡುತ್ತೇನೆ. ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿಯನ್ನೂ ಒತ್ತಿರುತ್ತಾರೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಂದರ ಹಿಂದೆ ಒಂದು ಚಿಮಣಿ ಎದ್ದಿತು. ಈಗ ಹೆಚ್ಚಿನವು ಮುಚ್ಚಿವೆ. ಅಂಥದ್ದೊಂದಕ್ಕೆ ಆಗಸ್ಟ್‌ನ ಒಂದು ಭಾನುವಾರ ನುಗ್ಗಿದೆ.

ನುಗ್ಗಿದೆ ಎನ್ನುವುದೇ ಸರಿ. ಯಾರನ್ನೂ ಕೇಳಿರಲಿಲ್ಲ. ಯಾರಿಗೂ ಕಾಣಬಾರದೆಂದು ಸ್ಕೂಟರನ್ನು ಪೊದೆಯ ಹಿಂದೆ ನಿಲ್ಲಿಸಿದ್ದೆ. ಮನೆಯಲ್ಲಿ ಮೀನು ತರುತ್ತೇನೆ ಎಂದಿದ್ದೆ. ಆಗ ಇದೆಲ್ಲ ಭಾರೀ ಜಾಣತನ ಅನ್ನಿಸಿತ್ತು.

ಹಾವಿಗೆ ಹೆದರಿ ಗಂಬೂಟು ಹಾಕಿದ್ದೆ. ಹಂಚಿನ ಮಾಡು ಕುಸಿದೀತೆಂದು ಗೋಡೆಯ ಬದಿಯಲ್ಲೇ ನಡೆದೆ. ಭಟ್ಟಿಯ ಪಕ್ಕ ಒಂದು ಕೋಣೆ. ಮಳೆ ನೀರು ಕುಡಿದು ಬಾಗಿಲು ಉಬ್ಬಿತ್ತು, ಭುಜ ಕೊಟ್ಟು ದೂಡಿದೆ. ಒಳಗೆ ಗೋಡೆಗೆ ಒರಗಿಸಿಟ್ಟ ಹಂಚುಗಳು! ಒಂದನ್ನು ಎತ್ತಿ ಪಾಚಿ ಉಜ್ಜುತ್ತಿದ್ದೆ, ಅಷ್ಟರಲ್ಲಿ ಗಾಳಿ ಬೀಸಿ ಬಾಗಿಲು ಧಡ್ ಎಂದು ಬಡಿಯಿತು.

ಒಳಕ್ಕೆ ತೆರೆಯುವ ಬಾಗಿಲು ಅದು. ಹೊರಗಿದ್ದವರು ದೂಡಬಹುದು, ಒಳಗಿದ್ದವರು ಎಳೆಯಬೇಕು. ಎಳೆಯಲು ಹಿಡಿಯೇ ಇಲ್ಲ. ಕಬ್ಬಿಣದ್ದಲ್ವಾ, ಗುಜರಿಗೆ ಹೋಗಿರಬೇಕು. ಹಿಡಿಯಿದ್ದ ತೂತಿಗೆ ಬೆರಳು ತುರುಕಿ ಎಳೆದೆ. ಉಗುರು ಕಿತ್ತುಬಂತು, ಬಾಗಿಲು ಬರಲಿಲ್ಲ. ಕಿಟಕಿಗೆ ಸರಳು. ದಪ್ಪ ಕೆಂಪುಕಲ್ಲಿನ ಗೋಡೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ. ಕೂಗಿದೆ. ಮಳೆಯ ಸದ್ದಿಗೆ ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಕಳ್ಳರ ನೆನಪಾಯಿತು. ನಮ್ಮ ಕಡೆ ಅವರು ಹಂಚು ಸರಿಸಿಯೇ ಮನೆಯೊಳಗೆ ಇಳಿಯುವುದು. ಹಂಚಿಗೆ ಮೊಳೆ ಇರುವುದಿಲ್ಲ, ರೀಪಿಗೆ, ಅಂದರೆ ಅಡ್ಡ ಮರದ ಪಟ್ಟಿಗೆ, ಕೊಕ್ಕೆ ಹಾಕಿಕೊಂಡು ಸುಮ್ನೆ ಕೂತಿರುತ್ತದೆ. ಅವರು ಇಳಿಯುವ ದಾರಿಯಲ್ಲಿ ನಾನು ಹತ್ತಬಹುದಲ್ಲ! ಹಲಗೆಗಳ ಅಟ್ಟಿ ಹತ್ತಿ ಎರಡು ಹಂಚು ಎತ್ತಿದೆ, ತಲೆ ಹೊರಗೆ ಬಂತು. ಭುಜಕ್ಕೂ ಜಾಗ ಮಾಡೋಣವೆಂದು ಮಾಡು ಹೊತ್ತ ಪಕ್ಕಾಸಿನ ಮರ ಹಿಡಿದೆ. ಗೆದ್ದಲು ತಿಂದ ಮರ ಕೈಯಲ್ಲೇ ಪುಡಿಯಾಯಿತು. ರೀಪು ಮುರಿದು ಮೂರು ಹಂಚು ಕೆಳಗೆ ಬಿದ್ದು ಒಡೆದವು. ಇನ್ನೊಂದು ಗೇಣು ಈಚೆ ಬಿದ್ದಿದ್ದರೆ ನನ್ನ ತಲೆಯ ಮೇಲೇ.

ಅಲ್ಲಿಂದ ಮುಂದೆ ಹತ್ತುವ ಧೈರ್ಯ ಬರಲಿಲ್ಲ. ತೂತಿನಿಂದ ಕೈ ಹೊರಹಾಕಿ, ಅಂಗಿ ಬಿಚ್ಚಿ ಬೀಸುತ್ತ ನಿಂತೆ. ದೂರದಲ್ಲಿ ಸ್ಕೂಟರಿನ ಕನ್ನಡಿಯ ತುದಿ ಕಾಣುತ್ತಿತ್ತು. ಅದನ್ನು ಎಷ್ಟು ಚೆನ್ನಾಗಿ ಅಡಗಿಸಿದ್ದೇನೆ ಎಂದು ಆಗ ಗೊತ್ತಾಯಿತು.

ಸಂಜೆ ಹೊತ್ತಿಗೆ ದನ ಹುಡುಕಿಕೊಂಡು ಒಬ್ಬರು ಹೆಂಗಸು ಬಂದರು. ಮಾಡಿನಿಂದ ಎದ್ದ ಕೈ ನೋಡಿ ಮೊದಲು ಓಡಿದರು. ಆಮೇಲೆ ಕತ್ತಿ ಹಿಡಿದುಕೊಂಡು ವಾಪಸ್ ಬಂದರು. ಬಾಗಿಲಿಗೆ ಒಂದು ಒದೆ, ಅಷ್ಟೇ.

“ಕದಿಯಲಿಕ್ಕೆ ಬಂದದ್ದಾ?”

“ಇಲ್ಲ ಅಕ್ಕಾ, ಹಂಚು ನೋಡಲಿಕ್ಕೆ.”

ಕೈಯಲ್ಲಿದ್ದ ಹಂಚು ತೋರಿಸಿದೆ. ಅವರು ತಿರುಗಿಸಿ ನೋಡಿ ನಕ್ಕರು.

“ಇದಕ್ಕಾ ಮಾರಾಯ್ರೆ? ನಮ್ಮ ಹಟ್ಟಿಯ ಮಾಡಿನಲ್ಲಿ ಇಂಥದ್ದೇ ಇರುವುದು. ಕೇಳಿದ್ರೆ ಕೊಡ್ತಿದ್ದೆ.”