ಅವ್ವನ ಓಲೆ, ಹಣೆಯ ವಿಭೂತಿ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹತ್ತಿರ ಬಂತು ಅಂದರೆ ನಮ್ಮಜ್ಜಿ ಸ್ಟೂಲು ಹಾಕಿಸಿಕೊಂಡು ಯೇಸುವಿನ ಪವಿತ್ರ ಹೃದಯದ ಪಟದ ಹಿಂದಕ್ಕೆ ಕೈ ಹಾಕುತ್ತಿದ್ದರು. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ತಂದು ಸಿಕ್ಕಿಸಿದ ಗರಿ ಅಲ್ಲಿರುತ್ತಿತ್ತು. ಒಣಗಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಚರಚರ ಅನ್ನುತ್ತಿತ್ತು. ಅದನ್ನು ಸೆರಗಿನಲ್ಲಿ ಸುತ್ತಿ ಚರ್ಚಿಗೆ ಕೊಟ್ಟು ಬರುತ್ತಿದ್ದರು. ಆ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅಲ್ವಾ ನಮ್ಮ ಹಣೆಗೆ ಹಚ್ಚೋದು! "ಹೋದ ವರ್ಷ ಹೊಸಾನ್ನ ಅಂತ ಕೂಗಿದ ಗರಿ ಕಣವ್ವ ಇದು" ಅನ್ನುತ್ತಿದ್ದರು. ಹೊಸಾನ್ನ ಅಂದರೆ ಆ ದಿನ ಗರಿ ಹಿಡಿದು ಯೇಸುವಿಗೆ ಹಾಕುವ ಜೈಕಾರ.

ಚರ್ಚಿಗೆ ಹೊರಡುವ ಮುಂಚೆ ಅಜ್ಜಿಗೆ ಇನ್ನೊಂದು ಕೆಲಸ ಇರುತ್ತಿತ್ತು. ಪಕ್ಕದ ಮನೆಯಾಕೆಗೂ ಅಜ್ಜಿಗೂ ವರ್ಷವಿಡೀ ಏನಾದರೊಂದು ಜಗಳ. ಕೋಳಿ ಹಿತ್ತಲಿಗೆ ನುಗ್ಗಿತು, ನೀರಿನ ಸರದಿ ತಪ್ಪಿತು, ಹೀಗೆ. ಆಕೆ ನಮ್ಮ ಧರ್ಮದವರೂ ಅಲ್ಲ. ಆದರೂ ಅಜ್ಜಿ ಮೊರದಲ್ಲಿ ಒಂದು ಸೇರು ಹುರುಳಿ ಹಾಕಿಕೊಂಡು ಆಕೆಯ ಹೊಸ್ತಿಲ ಮುಂದೆ ನಿಲ್ಲುತ್ತಿದ್ದರು. "ತಪ್ಪಾಯ್ತು ಕಣಮ್ಮಿ, ಮನಸ್ಸಲ್ಲಿ ಇಟ್ಕೋಬೇಡ." ಅಷ್ಟೇ ಮಾತು. ಆಮೇಲೆ ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗುತ್ತಿದ್ದರು. ಪೀಠದ ಮುಂದೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಅಂತ ಯೇಸುಸ್ವಾಮಿ ಹೇಳಿದ್ದನ್ನು ಅಜ್ಜಿ ಓದಿರಲಿಲ್ಲ. ಅಜ್ಜಿಗೆ ಓದೋಕೇ ಬರುತ್ತಿರಲಿಲ್ಲ.

ಆ ಅಜ್ಜಿಯ ಮೊಮ್ಮಗಳು ನಾನು ನಾಲ್ಕು ವರ್ಷ ಏನು ಮಾಡಿದೆ ಅಂತ ಇವತ್ತು ಬರೆಯಲೇಬೇಕು.

ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಸ್ಕ್ಯಾನಿಂಗ್‌ಗೆ ಮುಂಚೆ ಒಡವೆ ಬಿಚ್ಚಿ ಅಂದರು. ಕೆಂಪುಕಲ್ಲಿನ ಓಲೆ ಬಿಚ್ಚಿ ನನ್ನ ಪರ್ಸಿಗೆ ಹಾಕಿಕೊಂಡೆ. ಅವ್ವ ಮನೆಗೆ ವಾಪಸ್ ಬರಲಿಲ್ಲ. ಮಣ್ಣು ಮಾಡಿದ ದಿನ ನಿಜವಾಗಿಯೂ ಓಲೆ ನೆನಪಿರಲಿಲ್ಲ. ನೆನಪಾದ ಮೇಲೆ, ಇರಲಿ ಅಂತ ಸುಮ್ಮನಾದೆ. ತಿಂಗಳ ಪೂಜೆ ಮುಗಿಸಿ ಬಂದಾಗ ಓಲೆ ಎಲ್ಲಿ ಅಂತ ಮಾತು ಎದ್ದಿತು. ಅವ್ವನ ಮೈ ಒರೆಸಿ, ತಲೆ ಬಾಚಿ ನೋಡಿಕೊಂಡವರು ಅತ್ತಿಗೆ. ಎಲ್ಲರ ಕಣ್ಣು ಅವರ ಮೇಲೆಯೇ ಹೋಯಿತು. ಅತ್ತಿಗೆಯ ಟ್ರಂಕನ್ನು ನಡುಮನೆಗೆ ತರಿಸಿ ಸೀರೆಗಳನ್ನು ಒಂದೊಂದಾಗಿ ಕೊಡವಿ ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಎದೆ ಬಡಿದುಕೊಂಡು ನಮ್ಮ ಪಾಪ ಒಪ್ಪಿಕೊಳ್ಳುತ್ತೇವೆ. ಮನಸ್ಸಿನಲ್ಲಿ ಮಾಡಿದ್ದು, ಮಾತಿನಲ್ಲಿ ಮಾಡಿದ್ದು, ಕೈಯಲ್ಲಿ ಮಾಡಿದ್ದು ಮಾತ್ರ ಅಲ್ಲ, ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದು ಕೂಡ. ಆ ಕೊನೆಯ ಮಾತು ಬಂದಾಗ ನನ್ನ ಕೈ ಎದೆಯ ಮೇಲೆ ಬರೀ ಅಭ್ಯಾಸಕ್ಕೆ ಬಡಿಯುತ್ತಿತ್ತು.

ಈ ವರ್ಷ ವಿಭೂತಿ ಬುಧವಾರಕ್ಕೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋದೆ. ನಮ್ಮ ಧರ್ಮಕೇಂದ್ರದ ಫಾದರ್‌ಗೆ ನನ್ನ ದನಿ ಗುರುತು ಸಿಗುತ್ತೆ ಅನ್ನೋ ಭಯ. ಗುರುಗಳ ಹೆಬ್ಬೆರಳು ಹಣೆಯ ಮೇಲೆ ಶಿಲುಬೆ ಎಳೆಯಿತು. ನೀನು ಮಣ್ಣು, ಮಣ್ಣಿಗೇ ಮರಳುವೆ ಅನ್ನೋ ಮಾತು. ಬೂದಿ ತರಿತರಿಯಾಗಿತ್ತು. ಒಂದು ಚೂರು ಉದುರಿ ರೆಪ್ಪೆಯ ಮೇಲೆ ಕೂತಿತು. ಕಣ್ಣು ಮಿಟುಕಿಸಿದರೂ ಹೋಗಲಿಲ್ಲ. ಅಷ್ಟು ಸಣ್ಣ ಕಣ ಇಡೀ ಪೂಜೆಯುದ್ದಕ್ಕೂ ನನ್ನ ಕಣ್ಣೆದುರು ಕರಿ ಮೋಡದ ಹಾಗೆ ನಿಂತಿತ್ತು. ಅದರಾಚೆ ಪೀಠ, ದೀಪ, ಜನ ಎಲ್ಲ ಮಸುಕು. ಆ ಮಸುಕಿನಲ್ಲಿ ನನಗೆ ಅತ್ತಿಗೆಯ ಸೀರೆಗಳು ಕಂಡವು.

ಪೂಜೆ ಮುಗಿದ ಮೇಲೆ ಪಾಪನಿವೇದನೆಗೆ ಮೊಣಕಾಲೂರಿ ಗುರುಗಳಿಗೆ ಎಲ್ಲ ಹೇಳಿದೆ. ಆ ಕಡೆಯಿಂದ ಬೈಗುಳ ಬರಲಿಲ್ಲ. ಮೆತ್ತಗೆ ಒಂದೇ ಪ್ರಶ್ನೆ ಬಂತು: "ಅತ್ತಿಗೆಗೆ ಹೇಳಿದ್ದೀಯಾ ತಾಯಿ?" ಆಮೇಲೆ ಬೈಬಲಿನ ಸುಂಕದವನು ಜಕ್ಕಾಯನ ಕಥೆ ನೆನಪಿಸಿದರು. ಯೇಸು ಮನೆಗೆ ಬಂದ ಸಂತೋಷಕ್ಕೆ ಅವನು ಅತ್ತು ಕೂರಲಿಲ್ಲ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸ್ತೀನಿ ಅಂದ. ಪಾಪಕ್ಷಮೆ ಕೊಟ್ಟರು. ಓಲೆ ಕೊಟ್ಟು ಬಾ ಅಂದರು.

ಈಗ ಎಷ್ಟು ಜನ ಪಾಪನಿವೇದನೆಗೆ ಬರುತ್ತಾರೆ ಹೇಳಿ? ಹಣೆಯ ವಿಭೂತಿಯನ್ನು ಚರ್ಚಿನ ಮೆಟ್ಟಿಲಲ್ಲೇ ಕರ್ಚೀಫಿನಿಂದ ಒರೆಸಿಕೊಂಡು ಆಫೀಸಿಗೆ ಓಡುತ್ತಾರೆ. ದೇವರಿಗೆ ನೇರವಾಗಿ ಹೇಳ್ಕೊಳ್ತೀವಿ ಅನ್ನುತ್ತಾರೆ. ನಾನೂ ನಾಲ್ಕು ವರ್ಷ ನೇರವಾಗಿಯೇ ಹೇಳಿಕೊಂಡಿದ್ದೆ. ಬಾಯಿಬಿಟ್ಟು ಇನ್ನೊಬ್ಬರ ಕಿವಿಗೆ ಹೇಳಿದಾಗಲೇ ನನಗೆ ಎಚ್ಚರ ಆಗಿದ್ದು.

ಪುನೀತೆ ರಾಣಿ ಮರಿಯಾ ಸಿಸ್ಟರ್ ನೆನಪಾದರು. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಅವರನ್ನು ಇರಿದು ಕೊಂದರು. 2002ರಲ್ಲಿ ಅವರ ಒಡಹುಟ್ಟಿದ ತಂಗಿ ಜೈಲಿಗೆ ಹೋಗಿ, ಕೊಂದವನ ಕೈಗೇ ರಾಖಿ ಕಟ್ಟಿದರು. ಅಂಥ ಕ್ಷಮೆ ಇರುವ ಧರ್ಮಸಭೆಯಲ್ಲಿದ್ದುಕೊಂಡು ನನಗೆ ಎರಡು ಓಲೆ ವಾಪಸ್ ಕೊಡೋಕೆ ಕಾಲು ಏಳುತ್ತಿರಲಿಲ್ಲ.

ಹೋದೆ. ಹಣೆ ತೊಳೆದಿರಲಿಲ್ಲ. ಓಲೆಯನ್ನು ಅತ್ತಿಗೆಯ ಕೈಗಿಟ್ಟು, "ನನ್ನ ಹತ್ತಿರಾನೇ ಇತ್ತು ಅತ್ತಿಗೆ, ಮೊದಲಿಂದ" ಅಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವತ್ತು ನೀನು ಬಾಗಿಲ ಹತ್ರಾನೇ ನಿಂತಿದ್ದೆ. ನಂಗೆ ನೆನಪಿದೆ" ಅಂದರು. "ನಂಗೊಬ್ಬಳಿಗೆ ಹೇಳಿದ್ರೆ ಆಗಲ್ಲ. ಎಲ್ಲರ ಮುಂದೆ ನೋಡಿದ್ರು, ಎಲ್ಲರ ಮುಂದೆ ಹೇಳು." ಅಳುತ್ತಿರಲಿಲ್ಲ. ಕೇಳಿದ್ದು ನ್ಯಾಯವಾಗಿಯೇ ಇತ್ತು.

ತಪಸ್ಸುಕಾಲದ ಅಷ್ಟೂ ದಿನ ಆ ಮಾತು ಹೊತ್ತುಕೊಂಡು ಓಡಾಡಿದೆ. ಪ್ರತಿ ಶುಕ್ರವಾರ, ಯೇಸುವಿನ ಯಾತನೆ ನೆನೆಯುವ ಶಿಲುಬೆಯ ಹಾದಿಯ 14 ಸ್ಥಳಗಳಲ್ಲೂ ಅದನ್ನೇ ಹೇಳಿಕೊಂಡೆ. ಯೇಸುವೇ, ಎಲ್ಲರ ಮುಂದೆ ಹೇಳೋಕೆ ಬಾಯಿ ಕೊಡು.

ಗರಿಗಳ ಭಾನುವಾರ ಎಲ್ಲರೂ ಅಣ್ಣನ ಮನೆಯಲ್ಲಿ ಸೇರಿದ್ದೆವು. ಊಟಕ್ಕೆ ಕೂರುವ ಮುಂಚೆ ಹೇಳಿದೆ. ದನಿ ನಡುಗಿತು, ಆದರೆ ಪೂರ್ತಿ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದರು. ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಆ ದಿನ ಚಿಕ್ಕಮ್ಮಂದಿರು ಒಬ್ಬೊಬ್ಬರಾಗಿ ಅತ್ತಿಗೆಯ ಹತ್ತಿರ ಹೋಗಿ ಕೈ ಹಿಡಿದುಕೊಂಡರು.

ನಾನು ಹೊರಡುವಾಗ ಅತ್ತಿಗೆ ಬಾಗಿಲವರೆಗೆ ಬಂದರು. ನನ್ನ ಕೈಯಲ್ಲಿದ್ದ ಹಸಿ ಗರಿ ತಗೊಂಡರು. ಅದನ್ನು ಎರಡಾಗಿ ಸೀಳಿ ಒಂದು ಎಳೆ ನನಗೇ ವಾಪಸ್ ಕೊಟ್ಟರು. ಇನ್ನೊಂದನ್ನು ಸ್ಟೂಲು ಹತ್ತಿ ಪಟದ ಹಿಂದೆ ಸಿಕ್ಕಿಸಿದರು.