ತೋಳಿನ ಲೆಕ್ಕ: ಡಾಡ್ಜರ್ಸ್ ಆಟವನ್ನು ಮಂಗಳೂರಿನಲ್ಲಿ ಕೂತು ನೋಡುವವರಿಗೆ

ಡಾಡ್ಜರ್ಸ್ ಅಂದರೆ ಲಾಸ್ ಏಂಜಲಿಸ್‌ನ ಬೇಸ್‌ಬಾಲ್ ತಂಡ. ಅಲ್ಲಿ ಸಂಜೆ 7:10ಕ್ಕೆ ಆಟ ಶುರುವಾದರೆ ಮಂಗಳೂರಿನಲ್ಲಿ ಮರುದಿನ ಬೆಳಗ್ಗೆ 7:40. ನೀರುದೋಸೆ ಕಾವಲಿಯಿಂದ ಏಳುವ ಹೊತ್ತು. ತಂಡ ನ್ಯೂಯಾರ್ಕ್ ಕಡೆಗೆ ಹೋದ ವಾರ ಮಾತ್ರ ಕಷ್ಟ, ಬೆಳಗಿನ ಜಾವ ನಾಲ್ಕೂವರೆಗೇ ಏಳಬೇಕು. ಹಾಗೆ ಏಳುವವರು ನಮ್ಮ ಊರಲ್ಲಿಯೂ ಇದ್ದಾರೆ. ಮಗಳೋ ಅಣ್ಣನೋ ಕ್ಯಾಲಿಫೋರ್ನಿಯಾದಲ್ಲಿದ್ದು ಈ ಆಟದ ರುಚಿ ಹತ್ತಿದವರು ಕೆಲವರು, ತಂಡದ ಜಪಾನೀ ತಾರೆ ಶೋಹೆ ಒಹ್ಟಾನಿಯ ಹೆಸರು ಕೇಳಿ ಬಂದವರು ಕೆಲವರು. ಹೊಸಬರೆಲ್ಲ ಮೊದಲು ಬ್ಯಾಟ್ ನೋಡುತ್ತಾರೆ. ಕ್ರಿಕೆಟ್‌ನಲ್ಲಿ ಪಳಗಿದ ಕಣ್ಣಿಗೆ ಅದು ಸಹಜ. ಆದರೆ ಬೇಸ್‌ಬಾಲ್‌ನಲ್ಲಿ ನೋಡಬೇಕಾದದ್ದು ಚೆಂಡು ಎಸೆಯುವ ಪಿಚರ್‌ನ ತೋಳನ್ನು, ಅದರಲ್ಲಿ ಇನ್ನೆಷ್ಟು ಉಳಿದಿದೆ ಎಂಬುದನ್ನು. ಈ ಒಂದು ಲೆಕ್ಕ ಕೈಗೆ ಸಿಕ್ಕಿದರೆ ಮ್ಯಾನೇಜರ್ ಯಾಕೆ ಎದ್ದು ಬರುತ್ತಾರೆ, ಜುಲೈ ಕೊನೆಯಲ್ಲಿ ತಂಡಗಳು ಯಾಕೆ ಆಟಗಾರರನ್ನು ಅದಲುಬದಲು ಮಾಡುತ್ತವೆ ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕ್ರಿಕೆಟ್‌ನಲ್ಲಿ ಬೌಲರ್ ದೂರದಿಂದ ಓಡಿ ಬರುತ್ತಾನೆ, ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ಥ್ರೋ. ಬೇಸ್‌ಬಾಲ್‌ನಲ್ಲಿ ಓಟವೇ ಇಲ್ಲ. 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಒಂದೇ ಹೆಜ್ಜೆ ಮುಂದಿಟ್ಟು, ಮೊಣಕೈ ಮಡಚಿ ಬೀಸಿ ಎಸೆಯಬೇಕು. ದೂರ 18.44 ಮೀಟರ್, ನಮ್ಮ ಕ್ರಿಕೆಟ್ ಪಿಚ್‌ಗಿಂತ ಒಂದೂಮುಕ್ಕಾಲು ಮೀಟರ್‌ನಷ್ಟು ಕಡಿಮೆ. ಗಂಟೆಗೆ 150 ಕಿ.ಮೀ. ದಾಟಿದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್ ಎದುರಿಗಿರುತ್ತದೆ. ಆ ವೇಗದ ಭಾರ ಬೀಳುವುದು ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿರಜ್ಜಿನ ಮೇಲೆ. ನಮ್ಮ ಮೈದಾನಗಳ ಅಂಡರ್‌ಆರ್ಮ್ ಕ್ರಿಕೆಟ್‌ನಲ್ಲಿ ಹುಡುಗರು ಬೆಳಗಿನಿಂದ ಸಂಜೆಯವರೆಗೆ ಪಂದ್ಯದ ಮೇಲೆ ಪಂದ್ಯ ಎಸೆದರೂ ಮೊಣಕೈ ತಡೆದುಕೊಳ್ಳುತ್ತದೆ. ಕೈ ಕೆಳಗಿನಿಂದ ಬರುವಾಗ ಮೊಣಕೈ ಹಾಗೆ ತಿರುಚಿಕೊಳ್ಳುವುದಿಲ್ಲ. ತಲೆಯ ಮೇಲಿನಿಂದ ಪೂರ್ತಿ ಬಲ ಹಾಕಿ ಎಸೆಯುವವನಿಗೆ 100 ಎಸೆತ ಆಸುಪಾಸು ಬಂದಾಗ ಸಾಕು. ಆಮೇಲೆ ನಾಲ್ಕೈದು ದಿನ ವಿಶ್ರಾಂತಿ. ಡಾಡ್ಜರ್ಸ್ ಐವರ ಬದಲು ಆರು ಜನ ಸ್ಟಾರ್ಟರ್‌ಗಳನ್ನು, ಅಂದರೆ ಆಟ ಶುರು ಮಾಡುವ ಪಿಚರ್‌ಗಳನ್ನು, ಸರದಿಯಲ್ಲಿ ಇಡುವುದು ಇದಕ್ಕೇ. ತಂಡದಲ್ಲಿ ಜಪಾನಿನಿಂದ ಬಂದ ಪಿಚರ್‌ಗಳಿಗೆ ಅಲ್ಲಿ ವಾರಕ್ಕೊಮ್ಮೆ ಎಸೆದು ಅಭ್ಯಾಸ.

ಆ ರಜ್ಜು ಹರಿದರೆ ಏನು ಮಾಡಬೇಕು ಎಂದು ಕಂಡುಹಿಡಿದದ್ದೂ ಡಾಡ್ಜರ್ಸ್ ವೈದ್ಯರೇ. 1974ರಲ್ಲಿ ಫ್ರಾಂಕ್ ಜೋಬ್ ಅವರು ತಂಡದ ಎಡಗೈ ಪಿಚರ್ ಟಾಮಿ ಜಾನ್‌ರ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಎಲುಬುಗಳಲ್ಲಿ ತೂತು ಕೊರೆದು ಅದನ್ನು ಹೆಣೆದು ಕಟ್ಟಿದರು. ಟಾಮಿ ಜಾನ್ 1975 ಪೂರ್ತಿ ಆಡಲಿಲ್ಲ, 1976ರಲ್ಲಿ ವಾಪಸ್ ಬಂದರು, 1989ರವರೆಗೂ ಎಸೆದರು. ಅವರ ಒಟ್ಟು 288 ಗೆಲುವಿನಲ್ಲಿ 164 ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ. ಈಗಲೂ ಅದಕ್ಕೆ ಅವರದ್ದೇ ಹೆಸರು. ಚೇತರಿಸಿಕೊಳ್ಳಲು 12ರಿಂದ 18 ತಿಂಗಳು ಬೇಕು. ಹಾಗಾಗಿ ಪಿಚರ್ ಒಮ್ಮೆ ಮೊಣಕೈ ಹಿಡಿದುಕೊಂಡರೆ ನಮ್ಮ ಎದೆ ಧಸಕ್ಕೆನ್ನುವುದು ಸುಮ್ಮನೆ ಅಲ್ಲ.

ಎಸೆತಗಳಲ್ಲಿ ಎಲ್ಲವನ್ನೂ ಕಲಿಯುವ ಅಗತ್ಯ ಇಲ್ಲ, ಎರಡು ಗೊತ್ತಿದ್ದರೆ ಡಾಡ್ಜರ್ಸ್‌ನ ಜಪಾನೀ ಪಿಚರ್ ಯೋಶಿನೊಬು ಯಮಮೊಟೊ ಏನು ಮಾಡುತ್ತಾರೆಂದು ಕಾಣುತ್ತದೆ. ಚೆಂಡಿನಲ್ಲಿ 108 ಜೋಡಿ ಹೊಲಿಗೆ, ಕೆಂಪು ದಾರ, ಕುದುರೆ ಲಾಳದ ಹಾಗೆ ಬಾಗಿ ಹೋಗುವ ಸೀಮ್. ಫೋರ್ ಸೀಮ್ ಫಾಸ್ಟ್‌ಬಾಲ್‌ಗೆ ತೋರುಬೆರಳು, ನಡುಬೆರಳು ಆ ಲಾಳಕ್ಕೆ ಅಡ್ಡವಾಗಿ ಕೂರುತ್ತವೆ, ಹೆಬ್ಬೆರಳು ಅಡಿಯಲ್ಲಿ. ಬಿಡುವಾಗ ಬೆರಳ ತುದಿ ಕೊನೆಗೆ ಕೆಳಗೆಳೆಯುವುದರಿಂದ ಚೆಂಡು ಹಿಂದಕ್ಕೆ ಸುತ್ತುತ್ತಾ ಹೋಗುತ್ತದೆ. ಆ ಸುತ್ತು ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ, ಬ್ಯಾಟರ್ ಅಂದುಕೊಂಡಷ್ಟು ಅದು ಇಳಿಯುವುದಿಲ್ಲ. ಸ್ಪ್ಲಿಟರ್ ಇದರ ತದ್ವಿರುದ್ಧ. ಅವೇ ಎರಡು ಬೆರಳುಗಳನ್ನು ಅಗಲಿಸಿ, ಚೆಂಡನ್ನು ಅವುಗಳ ಸಂದಿಗೆ ತುರುಕಿ, ತೋಳನ್ನು ಫಾಸ್ಟ್‌ಬಾಲ್‌ನ ಹಾಗೆಯೇ ಬೀಸಬೇಕು. ಬೆರಳು ಮೇಲೆ ಇಲ್ಲದ್ದರಿಂದ ಸುತ್ತು ಕಡಿಮೆ, ಎತ್ತಿ ಹಿಡಿಯುವವರಿಲ್ಲ. ಅರ್ಧ ದಾರಿಯವರೆಗೆ ಒಂದೇ ಥರ ಕಂಡ ಚೆಂಡು ಕೊನೆಗೆ ಮೊಣಕಾಲಿನ ಕೆಳಗೆ ಬೀಳುತ್ತದೆ. ಕ್ರಿಕೆಟ್‌ನ ನಿಧಾನದ ಎಸೆತದ ಮೋಸವೂ ಇದೇ ಜಾತಿಯದ್ದು, ಆದರೆ ಇಲ್ಲಿ ನೆಲಕ್ಕೆ ಕುಟ್ಟುವ ಮೊದಲೇ ಎಲ್ಲ ಮುಗಿಯಬೇಕು. ಕೆಡುವುದು ಎಲ್ಲಿ ಅಂದರೆ, ಬೆವರಿಗೋ ದಣಿವಿಗೋ ಹಿಡಿತ ಸಡಿಲವಾಗಿ ಚೆಂಡು ಸಂದಿಯಿಂದ ಮೇಲೆ ಸರಿದರೆ ಅರೆಬರೆ ಸುತ್ತು ಬರುತ್ತದೆ. ಆಗ ಅದು ಬೀಳುವುದೂ ಇಲ್ಲ, ವೇಗವೂ ಇರುವುದಿಲ್ಲ, ಸೊಂಟದ ಎತ್ತರದಲ್ಲಿ ತೇಲಿಕೊಂಡು ಬರುತ್ತದೆ. ಅದು ಹೋಗುವುದು ಗ್ಯಾಲರಿಗೇ.

ಲೆಕ್ಕಕ್ಕೆ ಒಂದು ಗೆರೆ ಹಾಕಿದ ಉದ್ದ ನೋಟ್‌ಬುಕ್ ಸಾಕು. ಅಡ್ಡಕ್ಕೆ ಒಂಬತ್ತು ಇನ್ನಿಂಗ್ಸ್, ಕೆಳಗೆ ಒಂಬತ್ತು ಬ್ಯಾಟರ್. ಫೀಲ್ಡರ್‌ಗಳಿಗೆ ನಂಬರ್ ಉಂಟು: ಪಿಚರ್ 1, ಕ್ಯಾಚರ್ 2, ಮೊದಲ, ಎರಡನೇ, ಮೂರನೇ ಬೇಸ್‌ನವರು (ಬೇಸ್ ಅಂದರೆ ಓಡುವವನು ಮುಟ್ಟಬೇಕಾದ ಮೂಲೆ) 3, 4, 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ 7, 8, 9. ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3 ಎಂದು ಬರೆಯಿರಿ. ಸ್ಟ್ರೈಕ್‌ಔಟ್‌ಗೆ, ಅಂದರೆ ಮೂರು ಸ್ಟ್ರೈಕ್ ಆಗಿ ಔಟಾದರೆ, ಇಂಗ್ಲಿಷ್‌ನ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನಿಂತು ಔಟಾದರೆ ಅದನ್ನೇ ತಿರುಗಿಸಿ ಬರೆಯುವುದು. ಪ್ರತಿ ಇನ್ನಿಂಗ್ಸ್ ಅಡಿಯಲ್ಲಿ ಎಷ್ಟು ಎಸೆತ ಆಯಿತೆಂದು ಹಾಕಿ. 15 ಆಸುಪಾಸು ಇದ್ದರೆ ಪಿಚರ್ ಆರಾಮ. ಒಂದೇ ಇನ್ನಿಂಗ್ಸ್‌ನಲ್ಲಿ 25 ದಾಟಿದರೆ ಆ ದಿನದ ಆಯಸ್ಸು ಕಡಿಮೆಯಾಯಿತು ಎಂದೇ ಅರ್ಥ, ಒಂದು ರನ್ನೂ ಹೋಗದಿದ್ದರೂ. ಒಬ್ಬನೇ ಬ್ಯಾಟರ್ ಮೂರನೇ ಬಾರಿ ಎದುರಿಗೆ ಬಂದಾಗ ಜಾಗ್ರತೆಯಾಗಿ ನೋಡಿ. ಅವನು ಆಗಲೇ ಎಲ್ಲ ಎಸೆತ ಕಂಡಿರುತ್ತಾನೆ, ಪಿಚರ್‌ನ ವೇಗ ಎರಡು ಮೂರು ಕಿ.ಮೀ. ಇಳಿದಿರುತ್ತದೆ, ಕೆಳಗೆ ಬೀಳಬೇಕಾದ ಚೆಂಡು ಮೇಲೆ ಉಳಿಯತೊಡಗುತ್ತದೆ. 2023ರಿಂದ ಗಡಿಯಾರ ಬೇರೆ ಬಂದಿದೆ: ಬೇಸ್ ಖಾಲಿ ಇದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು, ಯಾರಾದರೂ ನಿಂತಿದ್ದರೆ ಈಗ 18. ದಣಿದವನಿಗೆ ಉಸಿರು ತೆಗೆದುಕೊಳ್ಳುವ ಸಂದು ಇಲ್ಲ.

ಸ್ಟಾರ್ಟರ್ ಇಳಿದ ಮೇಲೆ ಬರುವವರು ಬುಲ್‌ಪೆನ್‌ನವರು, ಮೈದಾನದ ಬದಿಯಲ್ಲಿ ಕೈ ಬಿಸಿ ಮಾಡಿಕೊಂಡು ಕಾಯುವ ಪಿಚರ್‌ಗಳು. 2025ರಲ್ಲಿ ಡಾಡ್ಜರ್ಸ್‌ಗೆ ನೋವು ಕೊಟ್ಟದ್ದು ಇದೇ ಜಾಗ. ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ತಂದ ಟ್ಯಾನರ್ ಸ್ಕಾಟ್ ಗೆಲ್ಲಬೇಕಾದ ಸ್ಥಿತಿಯಲ್ಲಿ ಬಂದು ಮುನ್ನಡೆ ಬಿಟ್ಟುಕೊಟ್ಟದ್ದು 10 ಸಲ. ಹಾಗಾಗಿ ಅಕ್ಟೋಬರ್‌ನಲ್ಲಿ ಸ್ಟಾರ್ಟರ್‌ಗಳನ್ನೇ ಕೊನೆಯ ಇನ್ನಿಂಗ್ಸ್‌ಗಳಿಗೆ ತರಬೇಕಾಯಿತು. ಸ್ಟಾರ್ಟರ್ ರೋಕಿ ಸಸಾಕಿ ಕ್ಲೋಸರ್, ಅಂದರೆ ಆಟ ಮುಗಿಸಿಕೊಡುವ ಪಿಚರ್, ಆದದ್ದು ಹಾಗೆ.

ಆ ವರ್ಷದ ವರ್ಲ್ಡ್ ಸೀರೀಸ್‌ನ, ಅಂದರೆ ಲೀಗ್‌ನ ಅಂತಿಮ ಸರಣಿಯ, ಎರಡು ಆಟಗಳನ್ನು ತೋಳಿನ ಲೆಕ್ಕದಲ್ಲಿ ಮತ್ತೊಮ್ಮೆ ನೋಡಬೇಕು. ಟೊರಾಂಟೊ ಬ್ಲೂ ಜೇಸ್ ವಿರುದ್ಧದ ಮೂರನೇ ಆಟ ನಮ್ಮಲ್ಲಿ ಬೆಳಗ್ಗೆ ಐದೂವರೆ ದಾಟಿ ಶುರುವಾಗಿ ಮಧ್ಯಾಹ್ನ 12 ಕಳೆದ ಮೇಲೆ ಮುಗಿಯಿತು, ಒಂಬತ್ತರಲ್ಲಿ ತೀರದೆ 18 ಇನ್ನಿಂಗ್ಸ್. ಕ್ಲೇಟನ್ ಕರ್ಶಾ 12ನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಬಂದು ಒಂದೇ ಒಂದು ಔಟ್ ತೆಗೆದರು. 2008ರಿಂದ ಇದೇ ತಂಡಕ್ಕೆ ಎಸೆದ ತೋಳಿನ ಕೊನೆಯ ಕೆಲಸ ಅದು. ಕೊನೆಗೆ ಉಳಿದವರು ವಿಲ್ ಕ್ಲೈನ್. ನಾಲ್ಕು ಇನ್ನಿಂಗ್ಸ್, 72 ಎಸೆತ, ರನ್ ಶೂನ್ಯ. ಮೇಜರ್ ಲೀಗ್‌ನಲ್ಲಿ ಅವರು ಅದುವರೆಗೆ ಅಷ್ಟು ಎಸೆದೇ ಇರಲಿಲ್ಲ. ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು ಆಟ ಮುಗಿಸುವ ಹೊತ್ತಿಗೆ, ಎರಡು ದಿನ ಮೊದಲು ಇಡೀ ಆಟ ಎಸೆದಿದ್ದ ಯಮಮೊಟೊ ಬುಲ್‌ಪೆನ್‌ನಲ್ಲಿ ಕೈ ಬಿಸಿ ಮಾಡುತ್ತಿದ್ದರು.

ಇನ್ನೊಂದು ಏಳನೇ ಆಟ. ಯಮಮೊಟೊ ಆರನೇ ಆಟದಲ್ಲಿ 96 ಎಸೆತ ಎಸೆದು, ಮರುದಿನವೇ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 4-4 ಸಮಬಲ, ಬೇಸ್‌ಗಳಲ್ಲಿ ಇಬ್ಬರು, ಒಂದು ಔಟ್ ಎಂಬ ಸ್ಥಿತಿಯಲ್ಲಿ ಬಂದರು. ಮೊದಲ ಬ್ಯಾಟರ್ ಅಲೆಹಾಂಡ್ರೊ ಕರ್ಕ್‌ಗೆ ಚೆಂಡೇ ತಾಗಿ ಮೊದಲ ಬೇಸ್ ಪುಕ್ಕಟೆ ಸಿಕ್ಕಿತು, ಬೇಸ್ ಭರ್ತಿ. ಹಿಡಿತ ಇನ್ನೂ ಕೂತಿರಲಿಲ್ಲ. ಅಲ್ಲಿಂದ ಎಂಟು ಔಟ್, 34 ಎಸೆತ. 11ನೇ ಇನ್ನಿಂಗ್ಸ್‌ನಲ್ಲಿ ಅದೇ ಕರ್ಕ್ ಬ್ಯಾಟ್ ಮುರಿದು ಶಾರ್ಟ್‌ಸ್ಟಾಪ್‌ಗೆ ಕೊಟ್ಟರು, ಮೂಕಿ ಬೆಟ್ಸ್ ತಾವೇ ಎರಡನೇ ಬೇಸ್ ತುಳಿದು ಮೊದಲಿಗೆ ಎಸೆದರು, 6-3, ಇಬ್ಬರೂ ಔಟ್. ಡಾಡ್ಜರ್ಸ್ 5-4. ನಾಲ್ಕು ದಿನದ ವಿಶ್ರಾಂತಿ ಬೇಕು ಎಂದು ಮೇಲೆ ಬರೆದ ನಿಯಮವನ್ನು ಒಂದು ತೋಳು ಒಂದು ರಾತ್ರಿಗೆ ಮೀರಿತು. ಇದನ್ನು ಜೂನ್‌ನಲ್ಲಿ ಯಾರೂ ಕೇಳಬಾರದು, ಮ್ಯಾನೇಜರ್ ಕೇಳಿದರೆ ತಪ್ಪು.

ಈಗ ಟ್ರೇಡ್. ಆ ಕ್ಲೈನ್ ಬಂದದ್ದು 2025ರ ಜೂನ್‌ನಲ್ಲಿ ಸಿಯಾಟಲ್‌ನಿಂದ, ಪತ್ರಿಕೆಯ ಮೂಲೆಯಲ್ಲಿ ಬರುವಂಥ ಸಣ್ಣ ಟ್ರೇಡ್‌ನಲ್ಲಿ. ಬೆಟ್ಸ್ ಬಂದದ್ದು 2020ರ ಫೆಬ್ರವರಿಯಲ್ಲಿ ಬೋಸ್ಟನ್‌ನಿಂದ. ಪ್ರತಿಯಾಗಿ ಕೊಟ್ಟದ್ದು ಅಲೆಕ್ಸ್ ವರ್ಡುಗೊ, ಜೀಟರ್ ಡೌನ್ಸ್, ಕಾನರ್ ವಾಂಗ್. ಟ್ರೇಡ್ ಅಂದರೆ ಐಪಿಎಲ್ ಹರಾಜಿನ ಹಾಗೆ ಹಣ ಕೂಗುವುದಲ್ಲ, ಆಟಗಾರನಿಗೆ ಬದಲು ಆಟಗಾರ. ಯಕ್ಷಗಾನದಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮೇಳ ಬದಲಾಯಿಸುವುದುಂಟು, ಆದರೆ ಅಲ್ಲಿ ಕಲಾವಿದರು ತಾವೇ ಯಜಮಾನರ ಹತ್ತಿರ ಮಾತಾಡುತ್ತಾರೆ. ಇಲ್ಲಿ ಆಟಗಾರನನ್ನು ಕೇಳುವುದೇ ಇಲ್ಲ, ತಿರುಗಾಟದ ನಡುವೆಯೇ ಫೋನ್ ಬರುತ್ತದೆ. ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಕಳೆದವರಿಗೆ ಮಾತ್ರ ‘ಹೋಗುವುದಿಲ್ಲ’ ಎನ್ನುವ ಹಕ್ಕು. ಕರಾರಿನಲ್ಲೇ ಬರೆಸಿಕೊಂಡವರ ಮಾತು ಬೇರೆ. ಗಡುವು ಜುಲೈ ಕೊನೆಯ ಆಸುಪಾಸಿಗೆ, ನಮ್ಮಲ್ಲಿ ಆಟಿಯ ಮಳೆ ಸುರಿಯುವಾಗ. ಅಮೆರಿಕದ ಪೂರ್ವದ ಸಂಜೆ 6 ಗಂಟೆ ಅಂದರೆ ನಮಗೆ ಬೆಳಗಿನ ಜಾವ 3:30.

ಆ ಹೊತ್ತಿಗೆ ಎಲ್ಲರೂ ಹುಡುಕುವುದು ಪಿಚರ್‌ಗಳನ್ನೇ, ಯಾಕೆಂದರೆ ಏಪ್ರಿಲ್‌ನಿಂದ ಎಸೆದ ತೋಳುಗಳಲ್ಲಿ ಕೆಲವು ಆಗಲೇ ಕೈಕೊಟ್ಟಿರುತ್ತವೆ. ಒಂದು ಟ್ರೇಡ್ ಒಳ್ಳೆಯದೋ ಅಲ್ಲವೋ ಎಂದು ನೋಡುವಾಗ ಬಂದವನ ಹೆಸರಿಗಿಂತ ಮೊದಲು ಎರಡು ವಿಷಯ ನೋಡಿ: ಅವನ ಕರಾರು ಇನ್ನೆಷ್ಟು ವರ್ಷ, ಈ ವರ್ಷ ಆಗಲೇ ಎಷ್ಟು ಇನ್ನಿಂಗ್ಸ್ ಎಸೆದಿದ್ದಾನೆ. ಕೊಟ್ಟವನು ಎಳೆಯ ಪಿಚರ್ ಆದರೆ ಇನ್ನೂ ಎಚ್ಚರ ಬೇಕು. 1993ರ ನವೆಂಬರ್‌ನಲ್ಲಿ ಡಾಡ್ಜರ್ಸ್ ಎರಡನೇ ಬೇಸ್‌ಗೆ ಡಿಲೈನೊ ಡಿಶೀಲ್ಡ್ಸ್ ಬೇಕೆಂದು ಮಾಂಟ್ರಿಯಲ್‌ಗೆ ಪೆಡ್ರೊ ಮಾರ್ಟಿನೆಜ್‌ರನ್ನು ಕೊಟ್ಟಿತು. ಸಣ್ಣ ಮೈಕಟ್ಟು, ಸ್ಟಾರ್ಟರ್ ಕೆಲಸದ ಭಾರ ತಡೆಯುವುದಿಲ್ಲ ಎಂಬ ಎಣಿಕೆ. ಪೆಡ್ರೊ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರು ಸಲ ಗೆದ್ದು 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಡಾಡ್ಜರ್ಸ್ ಅಭಿಮಾನಿಗಳಲ್ಲಿ ಈ ಗಾಯ ಇನ್ನೂ ಆರಿಲ್ಲ.

ಇಷ್ಟೆಲ್ಲ ಕಣ್ಣಿಗೆ ಕಾಣುವ ಹಾಗೆ ಹೇಳಿದವರು ವಿನ್ ಸ್ಕಲ್ಲಿ. 1950ರಲ್ಲಿ ತಂಡ ಬ್ರೂಕ್ಲಿನ್‌ನಲ್ಲಿದ್ದಾಗ ಮೈಕ್ ಹಿಡಿದು, 1958ರಲ್ಲಿ ತಂಡದ ಜೊತೆ ಲಾಸ್ ಏಂಜಲಿಸ್‌ಗೆ ಬಂದು, 2016ರವರೆಗೆ 67 ಸೀಸನ್ ವೀಕ್ಷಕ ವಿವರಣೆ ಕೊಟ್ಟರು. 2022ರ ಆಗಸ್ಟ್ 2ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸ ಊರಿನ ಮೊದಲ ವರ್ಷಗಳಲ್ಲಿ ತಂಡ ಆಡುತ್ತಿದ್ದ ಕೊಲಿಸಿಯಂ ಎಷ್ಟು ದೊಡ್ಡದೆಂದರೆ ಹಿಂದಿನ ಸಾಲಿನವರಿಗೆ ಚೆಂಡು ಕಾಣುತ್ತಿರಲಿಲ್ಲ. ಜನ ಟ್ರಾನ್ಸಿಸ್ಟರ್ ಹಿಡಿದುಕೊಂಡು ಮೈದಾನಕ್ಕೇ ಹೋಗಿ, ಎದುರಿನ ಆಟವನ್ನು ಸ್ಕಲ್ಲಿ ಬಾಯಿಂದ ಕೇಳುತ್ತಿದ್ದರು. ಆಕಾಶವಾಣಿಯ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಾಡ್ಜರ್ಸ್ ಪ್ರಸಾರದಲ್ಲಿ ಸಾಮಾನ್ಯವಾಗಿ ಅವರ ಪಕ್ಕದಲ್ಲಿ ಮಾಜಿ ಆಟಗಾರ ಯಾರೂ ಕೂರುತ್ತಿರಲಿಲ್ಲ. ಒಬ್ಬರೇ, ಕೇಳುವವರ ಜೊತೆ ನೇರ ಮಾತು. ಎಲ್ಲಿ ಬಾಯಿ ಮುಚ್ಚಬೇಕೆಂದು ಅವರಿಗೆ ಗೊತ್ತಿತ್ತು. 1988ರ ವರ್ಲ್ಡ್ ಸೀರೀಸ್‌ನ ಮೊದಲ ಆಟದಲ್ಲಿ ಕಾಲು ನೋವಿನ ಕರ್ಕ್ ಗಿಬ್ಸನ್ ಹೋಮ್ ರನ್ ಹೊಡೆದಾಗ ಚೆಂಡು ಹೋಯಿತೆಂದಷ್ಟೇ ಹೇಳಿ, ಒಂದು ನಿಮಿಷಕ್ಕೂ ಮೇಲೆ ಜನರ ಕೂಗಿಗೇ ಜಾಗ ಬಿಟ್ಟರು. ಸ್ಪ್ಯಾನಿಷ್‌ನಲ್ಲಿ ಇದೇ ತಂಡಕ್ಕೆ ಹೈಮೆ ಹರೀನ್ 1959ರಿಂದ 2022ರವರೆಗೆ ಧ್ವನಿಯಾಗಿದ್ದರು, ಅದೂ ಕಡಿಮೆ ಸಾಧನೆಯಲ್ಲ. ಈಗ ಟಿವಿಯಲ್ಲಿ ಜೋ ಡೇವಿಸ್. ಅವರು ಸ್ಕಲ್ಲಿಯ ಅನುಕರಣೆ ಮಾಡಲು ಹೋಗದೆ ತಮ್ಮದೇ ಧಾಟಿಯಲ್ಲಿ ಹೇಳುತ್ತಾರೆ, ಅದೇ ಸರಿ.

ಸ್ಕಲ್ಲಿಯನ್ನು ಕೇಳಲು ಶುರು ಮಾಡುವುದಾದರೆ 1965ರ ಸೆಪ್ಟೆಂಬರ್ 9ರ ಒಂಬತ್ತನೇ ಇನ್ನಿಂಗ್ಸ್‌ನ ರೇಡಿಯೋ ಧ್ವನಿಮುದ್ರಣದಿಂದ ಮಾಡಿ. ಶಿಕಾಗೊ ಕಬ್ಸ್ ವಿರುದ್ಧ ಡಾಡ್ಜರ್ಸ್‌ನ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ ಎಸೆಯುತ್ತಿದ್ದಾರೆ, 24 ಜನರಲ್ಲಿ ಒಬ್ಬನೂ ಬೇಸ್ ಮುಟ್ಟಿಲ್ಲ, ಡಾಡ್ಜರ್ಸ್ ಮುನ್ನಡೆ ಬರೀ 1-0. ಸ್ಕಲ್ಲಿ ಚೆಂಡಿನ ಬಗ್ಗೆ ಹೇಳುವಷ್ಟೇ ಕೋಫ್ಯಾಕ್ಸ್ ಟೋಪಿ ಸರಿಮಾಡಿಕೊಳ್ಳುವುದು, ಬೆವರು ಒರೆಸುವುದು, ಆಳವಾಗಿ ಉಸಿರೆಳೆಯುವುದನ್ನು ಹೇಳುತ್ತಾರೆ. ಪಿಚರ್‌ಗೆ ನೆನಪಿಗೆ ಇರಲಿ ಎಂದು ನಡುನಡುವೆ ಗಡಿಯಾರದ ಹೊತ್ತನ್ನೂ ಹೇಳುತ್ತಾರೆ. ಕೊನೆಯ ಸ್ಟ್ರೈಕ್ ರಾತ್ರಿ 9:46ಕ್ಕೆ. ಆ ವರ್ಷ ಕೋಫ್ಯಾಕ್ಸ್ 335ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದರು. 2025ರ ಲೀಗ್ ಆಟಗಳಲ್ಲಿ ಯಮಮೊಟೊ ಎಸೆದದ್ದು 173 ದಾಟಿತು ಅಷ್ಟೆ. 1965ರ ಮರುವರ್ಷವೂ 323 ಇನ್ನಿಂಗ್ಸ್ ಎಸೆದು, 1966ರ ನವೆಂಬರ್‌ನಲ್ಲಿ ಎಡ ಮೊಣಕೈಯ ಸಂಧಿವಾತದಿಂದ ಕೋಫ್ಯಾಕ್ಸ್ ನಿವೃತ್ತರಾದರು. ವಯಸ್ಸು 30.