ಮಲ್ಪೆಯ ಟವರ್‌ಗೆ ನಿದ್ದೆ ಯಾಕೆ ಬರುವುದಿಲ್ಲ

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ರಾತ್ರಿ ಹೊತ್ತು ಮಲ್ಪೆಯ ದಕ್ಕೆಯಲ್ಲಿ ಫೋನ್ ಹಿಡಿದವರು ಬೆರಳೆಣಿಕೆಯಷ್ಟು ಜನ. ಆದರೂ ಅಲ್ಲಿನ 5ಜಿ ಟವರ್ ಬೆಳಗಾಗುವ ತನಕ ಕೂಗುತ್ತಲೇ ಇರುತ್ತದೆ: ನಾನು ಇಲ್ಲಿದ್ದೇನೆ, ನನ್ನ ಗುರುತು ಇದು, ನನ್ನನ್ನು ಸೇರುವ ಕ್ರಮ ಇದು. ಜನವೇ ಇಲ್ಲದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಉಡುಪಿ, ಉಡುಪಿ" ಎಂದು ಕೂಗುತ್ತಾ ಎಂಜಿನ್ ಚಾಲೂ ಇಟ್ಟುಕೊಂಡ ಹಾಗೆ. ಈ ಕೂಗನ್ನು ತಗ್ಗಿಸಿ, ಬೇಕೆಂದಾಗ ಮಾತ್ರ ಕೂಗಿಸಿ ವಿದ್ಯುತ್ ಉಳಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಈ ಕೂಗಿನ ಮೊದಲ ಭಾಗಕ್ಕೆ, ಅಂದರೆ ಫೋನ್ ಟವರನ್ನು ಗುರುತು ಹಿಡಿಯುವ ಸಂಕೇತಕ್ಕೆ, ಎಸ್‌ಎಸ್‌ಬಿ ಎನ್ನುತ್ತಾರೆ. ಒಂದು ಎಸ್‌ಎಸ್‌ಬಿಗೆ ಬೇಕಾಗುವುದು 4 ಸಿಂಬಲ್ (ಸಮಯದ ಪುಟ್ಟ ತುಣುಕು), 240 ಸಬ್‌ಕ್ಯಾರಿಯರ್ (ಫ್ರೀಕ್ವೆನ್ಸಿಯ ಕಿರಿದಾದ ಎಳೆ). 30 ಕಿಲೋಹರ್ಟ್ಸ್ ಅಂತರದಲ್ಲಿ 7.2 ಮೆಗಾಹರ್ಟ್ಸ್ ಅಗಲ. 3.5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಹೆಚ್ಚೆಂದರೆ 8 ದಿಕ್ಕಿಗೆ ಒಂದೊಂದು ಬೀಮ್, ಅಂದರೆ ಸಿಗ್ನಲ್ಲಿನ ಕಿರಣ. ಎಂಟೂ ಸೇರಿ 2 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಕೇಳಿದರೆ ಅಲ್ಪ ಖರ್ಚು ಅನಿಸುತ್ತದೆ. ಲೆಕ್ಕ ತಪ್ಪುವುದು ಇಲ್ಲೇ. ಕೂಗಿದ 2 ಮಿಲಿಸೆಕೆಂಡ್ ಅಲ್ಲ, ನಡುವೆ ಉಳಿದ 18 ಮಿಲಿಸೆಕೆಂಡ್ ಏನಾಯಿತು ಎಂದು ನೋಡಬೇಕು.

ಮೊಬೈಲ್ ತಂತ್ರಜ್ಞಾನದ ಮಾನದಂಡ ರೂಪಿಸುವ 3ಜಿಪಿಪಿಯ 38.864 ವರದಿಯಲ್ಲಿ ಟವರಿನ ವಿದ್ಯುತ್ ಬಳಕೆಗೆ ಒಂದು ಮಾದರಿ ಇದೆ. ಪೂರ್ತಿ ಪ್ರಸಾರಕ್ಕೆ 280 ಪಾಲು ಖರ್ಚಾದರೆ, ಕ್ಷಣಿಕ ನಿದ್ದೆಗೆ 55, ಲಘು ನಿದ್ದೆಗೆ 25, ಗಾಢ ನಿದ್ದೆಗೆ ಬರೀ 1. ಆದರೆ ಲಘು ನಿದ್ದೆಗೆ ಹೋಗಿ ಬರಲು 6 ಮಿಲಿಸೆಕೆಂಡ್ ಬೇಕು, ಗಾಢ ನಿದ್ದೆಗೆ 50. ಅಂದಮೇಲೆ 18 ಮಿಲಿಸೆಕೆಂಡಿನ ಬಿಡುವಿನಲ್ಲಿ ರೇಡಿಯೊ ಲಘು ನಿದ್ದೆಯವರೆಗೆ ಹೋಗಬಹುದು, ಗಾಢ ನಿದ್ದೆಯ ಬಾಗಿಲು ಮುಟ್ಟುವುದೂ ಇಲ್ಲ. 4ಜಿಯ ಪಾಡು ಇನ್ನೂ ಕಷ್ಟ. ಅಲ್ಲಿ ಪ್ರತಿ 1 ಮಿಲಿಸೆಕೆಂಡಿನಲ್ಲೂ ಫೋನ್ ಅಳೆದುಕೊಳ್ಳಲು ಬೇಕಾದ ರೆಫರೆನ್ಸ್ ಸಿಗ್ನಲ್ ಹೋಗಲೇಬೇಕು. ಕಣ್ಣು ಮಿಟುಕಿಸಲಷ್ಟೇ ಸಮಯ.

ಹಾಗಾದರೆ ಎಸ್‌ಎಸ್‌ಬಿ ಅಂತರವನ್ನು 160 ಮಿಲಿಸೆಕೆಂಡಿಗೆ ಏರಿಸಿದರಾಯಿತಲ್ಲ? ಏರಿಸಲು ಅವಕಾಶವಿದೆ, ಎಲ್ಲ ಸೆಲ್‌ಗಳಲ್ಲೂ (ಟವರ್ ಒಂದು ಫ್ರೀಕ್ವೆನ್ಸಿಯಲ್ಲಿ ಸೇವೆ ಕೊಡುವ ಒಂದೊಂದು ವಲಯ) ಮಾಡುವಂತಿಲ್ಲ. ಹೊಸದಾಗಿ ನೆಟ್‌ವರ್ಕ್ ಹುಡುಕುವ ಫೋನ್ 20 ಮಿಲಿಸೆಕೆಂಡಿಗೊಮ್ಮೆ ಎಸ್‌ಎಸ್‌ಬಿ ಸಿಗುತ್ತದೆ ಎಂದೇ ನಂಬಿಕೊಂಡು ಹುಡುಕುತ್ತದೆ. ಅದಕ್ಕೇ ಎರಡು ಪದರ ಬೇಕು. ದೂರ ತಲುಪುವ 700 ಮೆಗಾಹರ್ಟ್ಸ್ ಸೆಲ್ ಎಂದಿನಂತೆ 20ಕ್ಕೇ ಎಚ್ಚರವಾಗಿರಲಿ. ಜನ ಹೆಚ್ಚಾದಾಗ ಮಾತ್ರ ಬೇಕಾಗುವ 3.5 ಗಿಗಾಹರ್ಟ್ಸ್ ಸೆಲ್ ಮಲಗಲಿ.

ಬೇಡಿಕೆಯ ಮೇರೆಗೆ ಸಿಗ್ನಲ್ ಕೊಡುವ ವಿಚಾರ ಬರುವುದು ಮಲಗುವ ಈ 3.5 ಗಿಗಾಹರ್ಟ್ಸ್ ಪದರಕ್ಕೆ. ಅಷ್ಟೇನೂ ತುರ್ತಲ್ಲದ ಸಿಸ್ಟಮ್ ಮಾಹಿತಿಯನ್ನು ಕೇಳಿದಾಗ ಕೊಡುವ ಕ್ರಮ 5ಜಿಯ ಮೊದಲ ಆವೃತ್ತಿಯಾದ ರಿಲೀಸ್ 15ರಲ್ಲೇ ಇತ್ತು. ರಿಲೀಸ್ 19 ಅದನ್ನು ಸಿಬ್-1ಕ್ಕೂ ತಂದಿದೆ. ಸೆಲ್ಲಿಗೆ ಸೇರುವ ನಿಯಮಗಳೆಲ್ಲ ಇರುವ ಸಿಬ್-1 ಸಾಮಾನ್ಯವಾಗಿ ಪ್ರತಿ ಬೀಮಿನಲ್ಲೂ 20 ಮಿಲಿಸೆಕೆಂಡಿಗೊಮ್ಮೆ ಹೋಗುತ್ತಿರುತ್ತದೆ. ಹೊಸ ಕ್ರಮದಲ್ಲಿ ಮಲಗಿರುವ ಸೆಲ್ ಎಸ್‌ಎಸ್‌ಬಿ ಮಾತ್ರ ಕಳಿಸುತ್ತದೆ. ಅದನ್ನು ಎಬ್ಬಿಸುವ ವಿಧಾನವನ್ನು ಎಚ್ಚರವಿರುವ ಸೆಲ್ ಮೊದಲೇ ಫೋನಿಗೆ ತಿಳಿಸಿರುತ್ತದೆ. ಫೋನ್ ಎಸ್‌ಎಸ್‌ಬಿ ಅಳೆದು, ಸಾಕಷ್ಟು ಬಲವಿದ್ದರೆ, ನಿಗದಿಯಾದ ಸಮಯಕ್ಕೆ ಒಂದು ಪ್ರೀಆಂಬಲ್, ಅಂದರೆ ಎಬ್ಬಿಸುವ ಪುಟ್ಟ ಸಂಕೇತ, ಕಳಿಸುತ್ತದೆ. ಸೆಲ್ ಅದಕ್ಕೆ ಓಗೊಟ್ಟು ಸಿಬ್-1 ಕಳಿಸುತ್ತದೆ. ಸಂಪರ್ಕದಲ್ಲಿರುವ ಫೋನಿಗೆ ಎರಡನೇ ಸೆಲ್ ಜೋಡಿಸುವಾಗ ಎಸ್‌ಎಸ್‌ಬಿಯನ್ನೂ ಹೀಗೆ ಬೇಕೆಂದಾಗ ಹೊರಡಿಸಬಹುದು. ಅಲ್ಲಿ ತೀರ್ಮಾನ ನೆಟ್‌ವರ್ಕಿನದು, ಫೋನಿನದಲ್ಲ.

ಕೈಕೊಡುವುದು ಎಲ್ಲಿ ಅಂದರೆ, ಮಾರಾಯ್ರೆ, ಪ್ರಸಾರ ನಿಲ್ಲಿಸಿ ಕಿವಿಯನ್ನು ಮಾತ್ರ ಹಾಗೇ ಬಿಟ್ಟಾಗ. ಎಸ್‌ಎಸ್‌ಬಿ ಅಂತರವನ್ನು 160ಕ್ಕೆ ಒಯ್ದು, ಪ್ರೀಆಂಬಲ್ ಆಲಿಸುವ ಅವಕಾಶಗಳನ್ನು 10 ಮಿಲಿಸೆಕೆಂಡಿಗೊಮ್ಮೆಯೇ ಉಳಿಸಿಕೊಂಡರೆ, ಆಲಿಸಲೆಂದು ರೇಡಿಯೊ ಮತ್ತೆ ಮತ್ತೆ ಏಳುತ್ತದೆ. ಅದೇ ಮಾದರಿಯಲ್ಲಿ ಆಲಿಸುವುದಕ್ಕೂ 110 ಪಾಲು ಖರ್ಚಿದೆ. ಆಲಿಸುವುದು, ಎಸ್‌ಎಸ್‌ಬಿ, ಪೇಜಿಂಗ್ (ಕರೆ ಬಂದಿದೆಯೆಂದು ಫೋನನ್ನು ಕೂಗುವುದು) ಮೂರನ್ನೂ ಒಂದೇ ಗೊಂಚಲಾಗಿ ಅಕ್ಕಪಕ್ಕ ಕೂರಿಸಿ. ಚದುರಿ ಹೋದರೆ ಒಟ್ಟು ಮೌನ ಅಷ್ಟೇ ಇರುತ್ತದೆ, ಆದರೆ 50 ಮಿಲಿಸೆಕೆಂಡಿನ ಒಂದು ಅಖಂಡ ಬಿಡುವೂ ಸಿಗುವುದಿಲ್ಲ.

ಎರಡನೆಯ ತಪ್ಪು ಅಳತೆಯ ಕಿಟಕಿಯದು. ಫೋನ್ ಯಾವಾಗ ಎಸ್‌ಎಸ್‌ಬಿ ನೋಡಬೇಕು ಎಂದು ಹೇಳುವ ಎಸ್‌ಎಂಟಿಸಿಯನ್ನು ಅಕ್ಕಪಕ್ಕದ ಎಲ್ಲ ಸೆಲ್‌ಗಳಲ್ಲೂ ಹೊಸ ಅಂತರಕ್ಕೆ ತಿದ್ದಬೇಕು. ಒಂದರಲ್ಲಿ ಮರೆತರೂ ಅಲ್ಲಿಂದ ಬರುವ ಫೋನ್ ಖಾಲಿ ಹೊತ್ತಿನಲ್ಲಿ ಅಳೆಯುತ್ತದೆ, ಹ್ಯಾಂಡೋವರ್ (ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ದಾಟುವುದು) ವಿಫಲವಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಕಡೆ ಮುಖಮಾಡಿದ ಸೆಕ್ಟರ್‌ಗಳಿಗಂತೂ 160 ಬೇಡವೇ ಬೇಡ. ಅಳೆಯಲು 5 ಸ್ಯಾಂಪಲ್ ಬೇಕಾದರೆ 0.8 ಸೆಕೆಂಡ್, 3 ಫ್ರೀಕ್ವೆನ್ಸಿಗಳನ್ನು ಸರದಿಯಲ್ಲಿ ನೋಡಬೇಕಾದರೆ 2.4 ಸೆಕೆಂಡ್. ಗಂಟೆಗೆ 80 ಕಿಲೋಮೀಟರ್ ವೇಗದ ಎಕ್ಸ್‌ಪ್ರೆಸ್ ಬಸ್ ಅಷ್ಟರಲ್ಲಿ 53 ಮೀಟರ್ ಮುಂದೆ ಹೋಗಿರುತ್ತದೆ. ಅಲ್ಲಿ 40 ಇಟ್ಟುಕೊಳ್ಳುವುದು ಕ್ಷೇಮ.

ಹಳೆಯ ಫೋನ್‌ಗಳ ವಿಷಯ ಬೇರೆ. ಅವಕ್ಕೆ ಎಬ್ಬಿಸುವ ಕ್ರಮ ಗೊತ್ತಿಲ್ಲ. ಸಿಬ್-1 ಸಿಗದ ಸೆಲ್ಲನ್ನು ನಿರ್ಬಂಧಿತವೆಂದು ಬಗೆದು 300 ಸೆಕೆಂಡಿನವರೆಗೂ ಬದಿಗಿಡಬಹುದು. ಅಷ್ಟರೊಳಗೆ ಸೆಲ್ ಎದ್ದರೂ ಅವು ತಿರುಗಿ ನೋಡದೆ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಜನವರಿ 17ರ ರಾತ್ರಿ ಕೃಷ್ಣ ಮಠದ ಪರ್ಯಾಯಕ್ಕೆಂದು ಉಡುಪಿಯ ರಥಬೀದಿ ತುಂಬುವಾಗ ಬೇಡಿಕೆಯನ್ನು ಕಾಯುತ್ತ ಕೂರುವುದು ತಪ್ಪು. ಆ ಪ್ರದೇಶದ ಸೆಲ್‌ಗಳಲ್ಲಿ ಹಿಂದಿನ ದಿನವೇ ಈ ವ್ಯವಸ್ಥೆಯನ್ನು ಆಫ್ ಮಾಡಿಡಬೇಕು.

ಪ್ರೀಆಂಬಲ್ ಪತ್ತೆಯ ಮಿತಿಯನ್ನು ತೀರಾ ಕೆಳಗಿಟ್ಟರೆ ಬರೀ ಗದ್ದಲಕ್ಕೇ ಸೆಲ್ ಏಳುತ್ತದೆ. ಜನವಿಲ್ಲದ ರಾತ್ರಿ 2ರಿಂದ 4 ಗಂಟೆಯೊಳಗೆ ಎಷ್ಟು ಬಾರಿ ಎದ್ದಿತು, ಅದರಲ್ಲಿ ಎಷ್ಟಕ್ಕೆ ನಿಜವಾದ ಸಂಪರ್ಕ ಸಿಕ್ಕಿತು ಎಂದು ಎಣಿಸಿದರೆ ಇದು ಹೊರಬೀಳುತ್ತದೆ.

ಕರಾವಳಿಯಲ್ಲಿ ಇದರ ಬೆಲೆ ಗೊತ್ತಾಗುವುದು ಬಿಲ್ಲಿಗಿಂತ ಹೆಚ್ಚಾಗಿ ಮಳೆಗಾಲದಲ್ಲಿ, ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ. ಉದಾಹರಣೆಗೆ 48 ವೋಲ್ಟ್, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಅಂದರೆ 9.6 ಯೂನಿಟ್, ಅದರ ಶೇ 80 ಬಳಸಿದರೆ 7.68. ಲೋಡ್ 2000 ವ್ಯಾಟ್ ಇದ್ದರೆ 3 ಗಂಟೆ 50 ನಿಮಿಷ ಬರುತ್ತದೆ. ಅದು 1600ಕ್ಕೆ ಇಳಿದರೆ 4 ಗಂಟೆ 48 ನಿಮಿಷ. ಲೈನ್‌ಮನ್‌ಗಳು ಮರ ಕಡಿದು ತಂತಿ ಎಳೆಯುವ ಹೊತ್ತಿಗೆ ಆ ಸುಮಾರು ಒಂದು ಗಂಟೆ ದೊಡ್ಡದು.

ಉಳಿತಾಯವನ್ನು ಸಾಫ್ಟ್‌ವೇರ್ ಕೌಂಟರ್ ನೋಡಿ ನಂಬಬೇಡಿ. ಅದು ನಿದ್ದೆಯ ಸಮಯ ಹೇಳುತ್ತದೆ, ವ್ಯಾಟ್ ಹೇಳುವುದಿಲ್ಲ. ರೇಡಿಯೊಗೆ ಹೋಗುವ ಡಿಸಿ ಲೈನಿನಲ್ಲೂ ಎಸಿ ಮೀಟರಿನಲ್ಲೂ ಒಂದೊಂದು ವಾರ, ಮೊದಲು ಮತ್ತು ನಂತರ, ಅಳೆಯಿರಿ. ಡಿಸಿ ಕಡೆ ಇಳಿದು ಎಸಿ ಕಡೆ ಅಷ್ಟು ಇಳಿಯದಿದ್ದರೆ ಎಸಿಯನ್ನು ಡಿಸಿಗೆ ಬದಲಿಸುವ ರೆಕ್ಟಿಫೈಯರ್ ಮೇಲೆ ಕಣ್ಣಿಡಿ: ಕಡಿಮೆ ಲೋಡಿನಲ್ಲಿ ಅದರ ದಕ್ಷತೆ ಕುಸಿಯುತ್ತದೆ. ಅದರಲ್ಲಿ ನಾಲ್ಕು ಮಾಡ್ಯೂಲ್‌ಗಳಿದ್ದರೆ, ನಾಲ್ಕಕ್ಕೂ ಲೋಡ್ ಹಂಚುವ ಬದಲು, ಒಂದನ್ನು ಬದಲಿಗೆಂದು ಎಚ್ಚರವಾಗಿಟ್ಟು, ಉಳಿದವುಗಳಲ್ಲಿ ಹೆಚ್ಚಾದದ್ದನ್ನು ರಾತ್ರಿ ಮಲಗಿಸಬೇಕು.